ಸೈರನ್ನಿಗೇ ಕರೆಂಟಿಲ್ಲ, ಇನ್ನು ಕೈಗಾದ ಮಾತೆಲ್ಲಿ?

ಮಾನ್ಯ ಸಂಪಾದಕರೇ,

ಸಾಗರದ ಬಸ್ ನಿಲ್ದಾಣದ ಹತ್ತಿರ ನಡೆದ ವಿಪತ್ತು ನಿರ್ವಹಣೆಯ ಅಣಕು ಕಾರ್ಯಾಚರಣೆ ಯಶಸ್ವಿ ಆಯಿತು ಎಂದು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದು ನಡೆಯುವಾಗ ನಾನು ಅಲ್ಲೇ ಇದ್ದೆ. ಯಶಸ್ವಿ ಆಗಿದ್ದು ಏನು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ನನ್ನ ಹೆಂಡತಿಗೆ ಅವತ್ತು ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರನ್ನು ನೋಡಬೇಕಿತ್ತು. ಒಂದೂವರೆ ತಿಂಗಳು ಕಾದು ಸಿಕ್ಕ ದಿನ. ಎಂಟೂವರೆಗೇ ಬಸ್ಸಿನಲ್ಲಿ ಕೂತಿದ್ದೆವು. ಹೊರಡಬೇಕು ಅನ್ನುವಾಗ ರಸ್ತೆಗೆ ಹಗ್ಗ ಕಟ್ಟಿದರು. ಎರಡು ಗಂಟೆ ಬಸ್ ಅಲ್ಲಾಡಲಿಲ್ಲ. ಅವಳು ಸಕ್ಕರೆ ಕಾಯಿಲೆಯವಳು, ತಿಂಡಿ ತಿಂದು ಬಂದಿರಲಿಲ್ಲ. ಇಳಿದು ಒಂದು ಲೋಟ ಕಾಫಿ ತರುತ್ತೇನೆ ಅಂದರೆ ಅದಕ್ಕೂ ಬಿಡಲಿಲ್ಲ. ಕಿಟಕಿಯಿಂದ ನೋಡಿದರೆ, ಸ್ಟ್ರೆಚರ್ ಮೇಲೆ ಹಣೆಗೆ ಕುಂಕುಮದ ನೀರು ಬಳಿದುಕೊಂಡ ಹುಡುಗನೊಬ್ಬ ಮಲಗಿದ್ದ. ಅವನನ್ನು ಒಯ್ಯಬೇಕಾದವರು ಫೋಟೋದವನಿಗೆ ಕಾಯುತ್ತಿದ್ದರು. ಹುಡುಗ ಬಿಸಿಲಿಗೆ ಕಣ್ಣು ಬಿಡಲಾಗದೆ ಅಂಗೈ ಅಡ್ಡ ಹಿಡಿದುಕೊಂಡಿದ್ದ. ಅಷ್ಟರಲ್ಲಿ ಕರೆಂಟ್ ಹೋಯಿತು. ಸೈರನ್ ಅರ್ಧಕ್ಕೇ ನಿಂತಿತು, ಮೈಕೂ ನಿಂತಿತು. ಜನರೇಟರ್ ತಂದಿರಲಿಲ್ಲ. ಈ ಮಾತು ನಿಮ್ಮ ವರದಿಯಲ್ಲಿ ಇಲ್ಲ.

ಕರೆಂಟ್ ಹೋಗುವ ಮೊದಲು ಮೈಕಿನಲ್ಲಿ ಒಬ್ಬರು ಹೇಳಿದರು: ಪ್ರವಾಹ, ಬೆಂಕಿ, ಅಣು ವಿಕಿರಣ, ಯಾವುದೇ ಬರಲಿ, ನಾವು ಸಿದ್ಧ. ಕೊನೆಗೆ ಹಗ್ಗ ಬಿಚ್ಚಿದಾಗ ನಾನು ಬಸ್ಸಿಳಿದು ಅವರನ್ನೇ ಕೇಳಿದೆ. ‘ಸರ್, ಕೈಗಾ ಅಣುಸ್ಥಾವರದಲ್ಲಿ ಏನಾದರೂ ಆದರೆ ನಾವು ಏನು ಮಾಡಬೇಕು?’ ಅವರು ನಕ್ಕರು. ‘ಯಜಮಾನ್ರೇ, ಕೈಗಾ ಎಲ್ಲಿ, ಸಾಗರ ಎಲ್ಲಿ? ಪ್ಲಾನ್ ಇರೋದು ಸ್ಥಾವರದ ಸುತ್ತ 16 ಕಿಲೋಮೀಟರಿಗೆ. ಹೋಗಿ ಕೂತ್ಕೊಳ್ಳಿ’ ಅಂದರು.

ಕೂತ್ಕೊಳ್ಳೋದು ಹೇಗೆ? ನನ್ನ ಮಗಳನ್ನು ಕೊಟ್ಟಿರೋದು ಯಲ್ಲಾಪುರ ತಾಲೂಕಿನ ಘಟ್ಟದ ಅಂಚಿಗೆ. ಅವರ ಮನೆ ಆ 16 ಕಿಲೋಮೀಟರಿನ ಗೆರೆಯಿಂದ ಸ್ವಲ್ಪ ಆಚೆ. ಗೆರೆ ಎಳೆದವರು ಕಾಗದದ ಮೇಲೆ ಎಳೆದರು. ಗಾಳಿ ಆ ಗೆರೆ ನೋಡಿ ನಿಲ್ಲುತ್ತದಾ? 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರ ಕೆಟ್ಟಾಗ ಮೊದಲ ದಿನಗಳಲ್ಲಿ 20 ಕಿಲೋಮೀಟರ್ ಒಳಗಿನವರನ್ನು ಎಬ್ಬಿಸಿದರು. ಆಮೇಲೆ ನೋಡಿದರೆ, ಸುಮಾರು 40 ಕಿಲೋಮೀಟರ್ ದೂರದ ಇಟಾಟೆ ಅನ್ನುವ ಹಳ್ಳಿಯ ಮೇಲೆ ಮಳೆ ಹಿಮದ ಜೊತೆ ವಿಕಿರಣ ಇಳಿದಿತ್ತು. ಅವರಿಗೆ ಊರು ಬಿಡಿ ಅಂತ ಹೇಳುವಷ್ಟರಲ್ಲಿ ತಿಂಗಳೇ ಕಳೆದಿತ್ತು. ಅಷ್ಟು ಮುಂದುವರಿದ ದೇಶದ ಕಥೆ ಇದು.

ಅಲ್ಲಿ ಕೆಟ್ಟಿದ್ದೂ ಕರೆಂಟೇ. ಭೂಕಂಪ ಆದ ಕೂಡಲೇ ನಡೆಯುತ್ತಿದ್ದ ರಿಯಾಕ್ಟರುಗಳು ತಾವಾಗಿ ನಿಂತವು. ನಿಂತ ಮೇಲೂ ಒಳಗಿನ ಇಂಧನದ ಬಿಸಿ ಆರುವುದಿಲ್ಲ. ಆಲೆಮನೆಯಲ್ಲಿ ಬೆಂಕಿ ಎಳೆದ ಮೇಲೂ ಕೊಪ್ಪರಿಗೆ ಕುದಿಯುತ್ತಲೇ ಇರುತ್ತದಲ್ಲ, ಹಾಗೆ. ಕೊಪ್ಪರಿಗೆಯಾದರೂ ತಾನಾಗಿ ತಣಿಯುತ್ತದೆ. ಈ ಇಂಧನಕ್ಕೆ ದಿನಗಟ್ಟಲೆ ನೀರು ಹಾಯಿಸುತ್ತಲೇ ಇರಬೇಕು, ನೀರು ಹಾಯಿಸಲು ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು. ಹೊರಗಿನ ಲೈನ್ ಭೂಕಂಪಕ್ಕೆ ಹೋಯಿತು, ಡೀಸೆಲ್ ಜನರೇಟರುಗಳು ಸುನಾಮಿ ನೀರಿಗೆ ಮುಳುಗಿದವು. ಮೂರು ರಿಯಾಕ್ಟರುಗಳ ಇಂಧನ ಕರಗಿತು.

ಕೈಗಾದಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿನ ಒಂದನೇ ಘಟಕ 2018ರ ಕೊನೆಗೆ 962 ದಿನ ಒಂದೇ ಸಮನೆ ನಡೆದು ಜಗತ್ತಿನ ದಾಖಲೆ ಮಾಡಿದಾಗ ನಾನೂ ಹೆಮ್ಮೆ ಪಟ್ಟವನು. ಆದರೆ ಅದೇ ಒಂದನೇ ಘಟಕ ಕಟ್ಟುವಾಗ, 1994ರಲ್ಲಿ, ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು. 2009ರಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೇ ವಿಕಿರಣ ಸೂಸುವ ಟ್ರಿಟಿಯಂ ಇದ್ದ ನೀರು ಬೆರೆಸಿದ್ದು ನೌಕರರ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯಿತು. ಯಂತ್ರ ಸರಿ ಇದ್ದರೂ ಮನುಷ್ಯ ತಪ್ಪುತ್ತಾನೆ. ಈಗ 220 ಮೆಗಾವಾಟಿನ ನಾಲ್ಕು ಘಟಕದ ಪಕ್ಕದಲ್ಲಿ 700 ಮೆಗಾವಾಟಿನ ಇನ್ನೆರಡು ಬರುತ್ತಿವೆ. ಅಪಾಯದ ಲೆಕ್ಕ ಹಾಕಿದ್ದೇವೆ ಅನ್ನುತ್ತಾರೆ. ಕಾಂಪೌಂಡಿನ ಒಳಗೆ ಹಾಕಿರಬಹುದು. ಹೊರಗೆ?

ಓಡಿ ಹೋಗುವ ದಾರಿಯೂ ಆ ಲೆಕ್ಕಕ್ಕೆ ಸೇರಬೇಕಲ್ವಾ? ಕೈಗಾದಿಂದ ಮೇಲಕ್ಕೆ ಬರಲು ಬಾರಬಳ್ಳಿಯ ಘಟ್ಟ. ಕೆಳಗೆ ಕದ್ರಾ ಅಣೆಕಟ್ಟು. 2019ರಲ್ಲಿ ಅಲ್ಲಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತ್ತು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ತೋಟ, ರಸ್ತೆ ಎಲ್ಲ ಹೋಯಿತು. ಆ ಮಳೆಯಲ್ಲಿ ನನ್ನ ಮಗಳ ಫೋನ್ ನಾಲ್ಕು ದಿನ ಸಿಗಲಿಲ್ಲ. ನಾಲ್ಕು ದಿನ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಅದಾಗಿ ತಿಂಗಳೊಳಗೆ ಕಾರವಾರದ ಕಾಳಿ ನದಿಯ ಹಳೆ ಸೇತುವೆಯೂ ಕುಸಿಯಿತು. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಇರುವ ದಾರಿಯೂ ಇಲ್ಲ, ಕರೆಂಟೂ ಇಲ್ಲ, ಫೋನೂ ಇಲ್ಲ. ಇವರು ಅಣಕು ಕಾರ್ಯಾಚರಣೆ ಮಾಡೋದು ಬಿಸಿಲಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆಗೆ, ಬಸ್ ನಿಲ್ದಾಣದಲ್ಲಿ.

ಶಿವಮೊಗ್ಗದ ಪಕ್ಕದ ಹುಣಸೋಡಿನ ಸ್ಫೋಟ ಮರೆತುಹೋಯಿತೇ? 2021ರ ಜನವರಿ 21ರ ರಾತ್ರಿ ನಾನು ಶಿವಮೊಗ್ಗದ ತಂಗಿ ಮನೆಯಲ್ಲಿದ್ದೆ. ಹತ್ತು ಗಂಟೆ ದಾಟಿತ್ತು. ಅಡುಗೆಮನೆಯ ಪಾತ್ರೆಗಳೆಲ್ಲ ಜಣಜಣ ಅಂದವು. ಭೂಕಂಪ ಅಂತ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದೆವು. ಬೀದಿ ತುಂಬ ಜನ, ಒಬ್ಬೊಬ್ಬರದು ಒಂದೊಂದು ಕಥೆ. ಕ್ವಾರಿಯ ಸ್ಫೋಟಕ ಸಿಡಿದಿದ್ದು ಎಂದು ತಿಳಿಯುವವರೆಗೆ ಹೇಳುವವರು ಯಾರೂ ಇರಲಿಲ್ಲ. ಅಷ್ಟು ಜೆಲಟಿನ್ ಸ್ಫೋಟಕ ಊರಿನ ಪಕ್ಕಕ್ಕೆ ಬರುವಾಗ ಯಾವ ಇಲಾಖೆ ಅಪಾಯದ ಲೆಕ್ಕ ಹಾಕಿತ್ತು? ಕಣ್ಣಿಗೆ ಕಾಣುವ ಲಾರಿಯನ್ನೇ ತಡೆಯಲಾಗದವರು ಕಣ್ಣಿಗೆ ಕಾಣದ ವಿಕಿರಣಕ್ಕೆ ಸಿದ್ಧ ಅಂದರೆ ನಾವು ನಂಬಬೇಕಾ?

ನನ್ನ ಅಪ್ಪ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿದ ಊರಿನವರು. ಅರವತ್ತರ ದಶಕದಲ್ಲಿ ನಾಡಿಗೆ ಬೆಳಕಾಗಲಿ ಅಂತ ಗದ್ದೆ ತೋಟ ಬಿಟ್ಟು ಎದ್ದು ಬಂದರು. ಹಕ್ಕುಪತ್ರಕ್ಕೆ ಕೊಟ್ಟ ಅರ್ಜಿ ಇನ್ನೂ ಒಂದು ಕಚೇರಿಯ ಕಪಾಟಿನಲ್ಲಿದೆ. ಹೋದ ವರ್ಷ ಫೈಲ್ ಕಳೆದಿದೆ, ಮತ್ತೊಂದು ಕೊಡಿ ಅಂದರು. ಅಪ್ಪ ತೀರಿಹೋಗಿ ಹನ್ನೆರಡು ವರ್ಷ ಆಯಿತು. ಕರೆಂಟಿಗಾಗಿ ಕೊಟ್ಟವರನ್ನು ಹೀಗೆ ನೋಡಿಕೊಂಡ ಕಚೇರಿಗಳೇ ನಾಳೆ ನನ್ನ ಮಗಳು, ಮೊಮ್ಮಕ್ಕಳ ಕೈ ಹಿಡಿಯಬೇಕು. ವಿಕಿರಣದಿಂದ ಥೈರಾಯ್ಡ್ ಗ್ರಂಥಿಯನ್ನು ಕಾಯುವ ಅಯೋಡಿನ್ ಮಾತ್ರೆ ಕೆಲವೇ ಗಂಟೆಗಳಲ್ಲಿ ಹೊಟ್ಟೆಗೆ ಹೋದರೆ ಮಾತ್ರ ಪ್ರಯೋಜನ. ಘಟ್ಟದ ಅಂಚಿನ ಮನೆಗೆ ಅದನ್ನು ಯಾರು ಒಯ್ಯುತ್ತಾರೆ, ಯಾವ ರಸ್ತೆಯಲ್ಲಿ ಒಯ್ಯುತ್ತಾರೆ?

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಅಪಾಯದ ವರದಿ ಏನಿದೆಯೋ ಅದನ್ನು ಕನ್ನಡದಲ್ಲಿ ಪಂಚಾಯ್ತಿ ಪಂಚಾಯ್ತಿಗೂ ತಂದು ಓದಿ ಹೇಳಬೇಕು. ಅಣಕು ಕಾರ್ಯಾಚರಣೆ ಮಾಡುವುದಿದ್ದರೆ ಜುಲೈ ತಿಂಗಳ ರಾತ್ರಿ, ಕರೆಂಟ್ ಲೈನ್ ತೆಗೆದು, ಬಾರಬಳ್ಳಿ ಘಟ್ಟದಲ್ಲಿ ಮಾಡಿ. ಇಲ್ಲವಾದರೆ ಮಾಡಲೇಬೇಡಿ. ಕಾಯಿಲೆಯವರನ್ನು ಬಸ್ಸಿನಲ್ಲಿ ಕೂಡಿಹಾಕಬೇಡಿ. ನಾವು ಶಿವಮೊಗ್ಗ ಮುಟ್ಟುವಾಗ ಡಾಕ್ಟರ್ ಎದ್ದು ಹೋಗಿದ್ದರು. ಇನ್ನು ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ. ಆ ಸೈರನ್ನಿಗೊಂದು ಬ್ಯಾಟರಿಯನ್ನಾದರೂ ಹಾಕಿಸಿ, ನಾಚಿಕೆ ಆಗಬೇಕು.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲೂಕು