ಮಗಳಿಗೊಂದು ಪತ್ರ: ‘ವಯಸ್ಸಾಯ್ತು’ ಅನ್ನೋ ಮುಂಚೆ

ಪಾವಗಡ

ಪುಟ್ಟಿ,

ನೀನು ಕೇಳಿದ್ದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿದರೆ ಅದು ಬರೀ ಸಮಾಧಾನ ಆಗುತ್ತೆ. ಅದಕ್ಕೇ ಕೂತು ಬರೀತಿದ್ದೀನಿ. 42ಕ್ಕೇ ಮುದುಕಿಯಾಗೋ ಭಯ ಹಿಡಿದಿದೆ, ರಾತ್ರಿ ನಿದ್ದೆ ಬರ್ತಿಲ್ಲ ಅಂದೆಯಲ್ಲ. ಇದು ನಾಚಿಕೆ ಪಡೋ ವಿಷಯ ಅಲ್ಲ ಕಣೇ. ಆದರೆ ಇದನ್ನ ಒಂದೇ ಭಯ ಅಂದುಕೊಂಡರೆ ಎಲ್ಲಿಂದ ಹಿಡಿಯೋದು ಅಂತಲೇ ಗೊತ್ತಾಗಲ್ಲ. ಅದರೊಳಗೆ ಐದಾರು ಭಯ ಸೇರಿಕೊಂಡಿರುತ್ತೆ: ಕೈಕಾಲು ಕೈಕೊಡೋದು, ಮರೆವು, ದುಡ್ಡು, ಒಂಟಿತನ, ರೂಪ ಹೋಗೋದು, ಸಾವು. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ.

ಮೊದಲು ಇವನ್ನ ಬಿಡಿಸು. ಸಂಜೆ ಆರರ ಹೊತ್ತಿಗೆ 15 ನಿಮಿಷ ಒಂದು ನೋಟ್‌ಬುಕ್ ಹಿಡಿದು ಕೂತ್ಕೋ. ಮಲಗೋ ಹೊತ್ತಲ್ಲಿ ಮಾತ್ರ ಬೇಡ, ಆಗ ಬರೆದರೆ ಅದೇ ತಲೆಯಲ್ಲಿ ಸುತ್ತುತ್ತೆ. ‘ವಯಸ್ಸಾದ ಮೇಲೆ ನನ್ನ ಗತಿ ಏನು’ ಅಂತ ಬರೆದರೆ ಉಪಯೋಗ ಇಲ್ಲ. ‘ಎಪ್ಪತ್ತರಲ್ಲಿ ನೆಲದಿಂದ ಎದ್ದೇಳೋಕೆ ಆಗದಿದ್ದರೆ’ ಅಂತ ಬರಿ. ಅದಕ್ಕೆ ಉತ್ತರ ಇದೆ, ತೊಡೆಗೆ ಬಲ ತುಂಬಬೇಕು ಅಂತ. ಪ್ರತಿ ಭಯದ ಮುಂದೆ ಈ ವಾರ ಮಾಡಬಹುದಾದ ಒಂದು ಕೆಲಸ ಬರಿ. ಬರೆಯೋಕೆ ಏನೂ ತೋಚದಿದ್ದರೆ ಖಾಲಿ ಬಿಡು, ಅದೂ ಒಂದು ಉತ್ತರವೇ. ರಾತ್ರಿ ಮತ್ತೆ ಯೋಚನೆ ಬಂದರೆ ‘ನಾಳೆ ಆರಕ್ಕೆ’ ಅಂತ ಮುಂದಕ್ಕೆ ಹಾಕು. ಮೊದಲ ವಾರ ಮನಸ್ಸು ಕೇಳಲ್ಲ. ಬಿಡದೆ ಮಾಡಿದರೆ ಬರ್ತಾ ಬರ್ತಾ ಕೇಳುತ್ತೆ.

ಮೈ ವಿಷಯಕ್ಕೆ ಬರ್ತೀನಿ, ಹೆಚ್ಚು ಹೇಳಬೇಕಾಗಿರೋದು ಇಲ್ಲೇ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಮಾಂಸಖಂಡ ಕರಗುತ್ತೆ, ಅರವತ್ತರ ಮೇಲೆ ಇನ್ನೂ ಬೇಗ. ಮುದಿತನ ಅಂತ ನಾವು ನೋಡೋದರಲ್ಲಿ ಬಹಳಷ್ಟು ಈ ತೊಡೆಯ ಬಲ ಹೋಗಿರೋದೇ. ಬಲ ಇಲ್ಲದಿದ್ದರೆ ಬೀಳ್ತಾರೆ, ಬಿದ್ದರೆ ಸೊಂಟದ ಮೂಳೆ ಮುರಿಯುತ್ತೆ, ಹಾಸಿಗೆ ಹಿಡಿದ ಮೇಲೆ ಉಳಿದ ಬಲವೂ ಹೋಗುತ್ತೆ. ಸಮಾಧಾನ ಏನು ಅಂದರೆ, ಮಾಂಸಖಂಡ ಯಾವ ವಯಸ್ಸಲ್ಲಾದರೂ ಮತ್ತೆ ಬಲಿಯುತ್ತೆ. ಎಂಬತ್ತರವರಿಗೂ.

ಒಂದು ಪರೀಕ್ಷೆ ಮಾಡು. 17 ಇಂಚು ಎತ್ತರದ, ಪಕ್ಕದಲ್ಲಿ ಕೈ ಊರೋ ಹಿಡಿ ಇಲ್ಲದ ಕುರ್ಚಿಯನ್ನ ಗೋಡೆಗೆ ಒತ್ತಿ ಇಡು. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರೋಕಾಗುತ್ತೆ ಎಣಿಸು. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಮ್ಮಿ ಬಂದರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ನಿನ್ನ ವಯಸ್ಸಿಗೆ ಅದಕ್ಕಿಂತ ಚೆನ್ನಾಗಿ ಬರಬೇಕು. ಬರದಿದ್ದರೆ ಅದೇ ಕುರ್ಚಿಯೇ ನಿನ್ನ ವ್ಯಾಯಾಮ. ಒಂದು ಸರದಿಗೆ 8ರಿಂದ 10 ಸಲ, ಒಂದು ನಿಮಿಷ ಸುಧಾರಿಸಿಕೊಂಡು ಮೂರು ಸರದಿ, ವಾರಕ್ಕೆ ಎರಡು ಮೂರು ದಿನ. ಏಳೋಕೆ ಎರಡು ಎಣಿಕೆ, ಕೂರೋಕೆ ನಾಲ್ಕು. ಎಲ್ಲರೂ ತಪ್ಪೋದು ಈ ಕೂರೋದರಲ್ಲೇ, ಧೊಪ್ಪಂತ ಕೂತುಬಿಡ್ತಾರೆ. ನಿಧಾನ ಇಳಿಯುವಾಗಲೂ ತೊಡೆ ಭಾರ ಹೊರುತ್ತೆ, ಧೊಪ್ಪಂತ ಕೂತರೆ ಆ ಅರ್ಧ ಕೆಲಸ ಕಳೆದುಹೋಗುತ್ತೆ. ಮಂಡಿ ಒಳಗೆ ವಾಲಬಾರದು, ಉಸಿರು ಬಿಗಿ ಹಿಡಿಯಬಾರದು. ಎರಡು ದಿನ ತೊಡೆ ನೋಯೋದು ಸಹಜ, ಅಷ್ಟಕ್ಕೇ ಹೆದರಿ ಬಿಡೋರೇ ಜಾಸ್ತಿ. ಮಂಡಿ ಕೀಲಿನ ಒಳಗೆ ಚುಚ್ಚಿದರೆ, ಊದಿದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಹತ್ತು ಸಲ ಸಲೀಸಾದ ಮೇಲೆ ಎರಡು ಲೀಟರಿನ ನೀರಿನ ಬಾಟಲ್ ಎದೆಗೆ ಒತ್ತಿ ಹಿಡಿದು ಮಾಡು. ವಾಕಿಂಗ್ ಹೋಗ್ತೀನಿ ಸಾಕು ಅನ್ನಬೇಡ. ನಡಿಗೆ ಹೃದಯಕ್ಕೆ ಒಳ್ಳೇದು, ವಾರಕ್ಕೆ 150 ನಿಮಿಷ ಬೇಕೇ ಬೇಕು, ಆದರೆ ತೊಡೆಗೆ ಅದು ಸಾಲದು. ಜೊತೆಗೆ ಒಲೆ ಕಟ್ಟೆ ಹಿಡಿದು ಒಂದು ಕಾಲಲ್ಲಿ ನಿಲ್ಲೋದು ಅಭ್ಯಾಸ ಮಾಡು, ಹಾಲು ಕಾಯೋ ಹೊತ್ತು ಸಾಕು.

ಇನ್ನು ನಮ್ಮ ಸೀಮೆಯ ಮಾತು. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತ ನಿನಗೆ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನ ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಂದು ಗೆರೆ ಬರೋದಷ್ಟೇ ಅಲ್ಲ, ಮೂಳೆಯಲ್ಲೂ ಕೀಲು ಹಿಡಿದಿರೋ ನಾರಿನಲ್ಲೂ ಸೇರಿ ಅವನ್ನ ಗಡುಸು ಮಾಡುತ್ತೆ. ಬೆನ್ನು, ಕುತ್ತಿಗೆ ಬಿಗಿಯುತ್ತೆ. ಐವತ್ತಕ್ಕೇ ಬಗ್ಗಿ ನಡೆಯೋರನ್ನ ನೋಡಿ ‘ವಯಸ್ಸಾಯ್ತು ಬಿಡಿ’ ಅಂದುಬಿಡ್ತಾರೆ ಜನ. ಆ ಒಂದು ಮಾತಿಗೆ ನೀರು ಪರೀಕ್ಷೆ ಮಾಡಿಸೋರೂ ಇಲ್ಲ, ಡಾಕ್ಟರಿಗೆ ತೋರಿಸೋರೂ ಇಲ್ಲ. ನನಗೆ ಅತಿ ಸಂಕಟ ಆಗೋದು ಇದಕ್ಕೇ. ಮನೆಯಲ್ಲೇ ಮೂರು ರೀತಿ ನೋಡಬಹುದು: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟೋಕಾಗುತ್ತಾ, ಗದ್ದ ಎದೆಗೆ ತಾಗುತ್ತಾ, ಎರಡೂ ಕೈ ತಲೆ ಹಿಂದಕ್ಕೆ ಒಯ್ದು ಕಟ್ಟೋಕಾಗುತ್ತಾ ಅಂತ. ಆಗದಿದ್ದರೆ ಫ್ಲೋರೋಸಿಸ್ಸೇ (ಫ್ಲೋರೈಡ್‌ನಿಂದ ಬರೋ ಈ ರೋಗವೇ) ಅಂತ ಅಲ್ಲ, ಡಾಕ್ಟರಿಗೆ ತೋರಿಸೋಕೆ ಕಾರಣ ಸಿಕ್ಕಿತು ಅಂತ. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಹೋಗಲ್ಲ. ಶುದ್ಧ ನೀರಿನ ಘಟಕದ ಆರ್‌ಒ ನೀರು ಆಗಬಹುದು, ಆದರೆ ಕುಡಿಯೋಕೆ ಅದು, ಅಡುಗೆಗೆ ಬೋರ್ ನೀರು ಅಂತ ಮಾಡಿದರೆ ಅರ್ಧ ಕೆಲಸ ಆದಂಗೆ. ಸಾರಿಗೂ ಮುದ್ದೆಗೂ ಆರ್‌ಒ ನೀರೇ ಬೇಕು. ನೀನಿರೋ ಅಪಾರ್ಟ್‌ಮೆಂಟಿಗೂ ಬೋರ್‌ವೆಲ್ ನೀರೇ ಬರೋದಾದರೆ ಒಂದು ಸಲ ಪರೀಕ್ಷೆ ಮಾಡಿಸು.

ಊಟದ್ದು ಹೆಚ್ಚು ಹೇಳಲ್ಲ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶ ಇದೆ, ಪ್ರೋಟೀನ್ 7 ಗ್ರಾಂ ಅಷ್ಟೇ. 60 ಕೆಜಿ ಮೈಗೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯ ಗಂಡನಿಗೂ ಮಕ್ಕಳಿಗೂ ಹಾಕಿ, ನಾವು ಬರೀ ಕಟ್ಟಿನ ಸಾರಲ್ಲಿ ಉಣ್ಣೋದು ನಮ್ಮ ಹೆಂಗಸರ ಹಳೇ ಚಾಳಿ. ಕಾಳು ನಿನ್ನ ತಟ್ಟೆಗೆ ಮೊದಲು ಬೀಳಲಿ. ಹುರುಳಿ, ಅವರೆ, ಮೊಟ್ಟೆ, ಮೊಸರು, ಯಾವುದಾದರೂ ಒಂದು ಮೂರು ಹೊತ್ತೂ ಇರಲಿ.

ಮರೆವಿನ ಬಗ್ಗೆ ಕೇಳಿದೆಯಲ್ಲ. ಒಬ್ಬರ ಹೆಸರು ತಕ್ಷಣ ಹೊಳೆಯದೆ ಸಂಜೆಗೆ ನೆನಪಾದರೆ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಿದರೆ ಅದು ರೋಗ ಅಲ್ಲ. ದಿನಾ ಓಡಾಡೋ ದಾರಿ ತಪ್ಪೋದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳೋದು, ಕೈಗೆ ಪಳಗಿದ ಅಡುಗೆಯ ಕ್ರಮವೇ ಮರೆಯೋದು, ಇವು ತೋರಿಸಬೇಕಾದ್ದು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇದ್ದರೂ ಮರೆವು ಬರುತ್ತೆ, ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತೆ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿದ್ದು, ಡಿಮೆನ್ಷಿಯಾ ಅನ್ನೋ ಮರೆವಿನ ರೋಗದಲ್ಲಿ ಶೇ. 45ರಷ್ಟನ್ನ ತಡೆಯಬಹುದು ಇಲ್ಲಾ ಮುಂದೂಡಬಹುದು ಅಂತ. ಅವರ ಪಟ್ಟಿಯಲ್ಲಿ ಬಿಪಿ, ಸಕ್ಕರೆ, ಕೊಬ್ಬಿನ ಜೊತೆಗೆ ಕಿವಿ ಮಂದವಾಗೋದೂ, ಒಂಟಿತನವೂ ಇದೆ. ಅದಕ್ಕೇ ಕಿವಿ ಮೆಷಿನ್ ಹಾಕೋಕೆ ಯಾರೂ ನಾಚಬಾರದು.

ಇನ್ನೊಂದು, ನಿನ್ನ ಈ ಭಯದಲ್ಲಿ ಸ್ವಲ್ಪ ಮೈಯಿಂದಲೇ ಬಂದಿರಬಹುದು. ನಮ್ಮಲ್ಲಿ ಮುಟ್ಟು ನಿಲ್ಲೋದು ಸಾಮಾನ್ಯವಾಗಿ 46ರ ಆಸುಪಾಸು, ಅದಕ್ಕೆ ನಾಲ್ಕೈದು ವರ್ಷ ಮುಂಚೆಯೇ ಎದೆ ಬಡಿತ, ಮಧ್ಯರಾತ್ರಿ ಎಚ್ಚರ, ಕಾರಣ ಇಲ್ಲದ ಕಳವಳ ಶುರುವಾಗಬಹುದು. ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಒಂದು ಸಲ ನೋಡಿಸಿ, ಸ್ತ್ರೀರೋಗ ತಜ್ಞರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡು.

ದುಡ್ಡಿನ ವಿಷಯ. ಆರೋಗ್ಯ ವಿಮೆಯನ್ನ ಕಾಯಿಲೆ ಬರೋ ಮುಂಚೆ ತಗೋ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು ಅಂತ ನಿಯಮ ಇದೆ. ಇರೋ ಕಾಯಿಲೆ ಮುಚ್ಚಿಟ್ಟು ಫಾರಂ ತುಂಬಬೇಡ, ಕ್ಲೇಮ್ ತಿರಸ್ಕಾರ ಆಗೋದು ಬಹಳ ಸಲ ಅಲ್ಲೇ. ಆಫೀಸಿನ ವಿಮೆ ಒಂದನ್ನೇ ನೆಚ್ಚಬೇಡ, ಕೆಲಸ ಬಿಟ್ಟ ದಿನ ಅದೂ ಹೋಗುತ್ತೆ. ಆಸ್ತಿ ಯಾರಿಗೇ ಕೊಡೋದಿರಲಿ, ವಿಲ್ ಬರೆದರೆ ಬದುಕಿರೋವರೆಗೂ ಬದಲಾಯಿಸಬಹುದು, ಇಬ್ಬರು ಸಾಕ್ಷಿಗಳು ಬೇಕು. ದಾನಪತ್ರ ಮಾಡಿಬಿಟ್ಟರೆ ಆಸ್ತಿ ಕೈ ಬಿಟ್ಟಂತೆ. ಮಾಡಲೇಬೇಕಾದರೆ ‘ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು’ ಅನ್ನೋ ಷರತ್ತು ಪತ್ರದಲ್ಲೇ ಇರಬೇಕು. ಆಗ, ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರದ್ದು ಮಾಡಿಸಬಹುದು. ಷರತ್ತು ಬರೆಯದೆ ಬಾಯಿಮಾತಲ್ಲಿ ಬಿಟ್ಟರೆ ಆಮೇಲೆ ಸಾಬೀತು ಮಾಡೋದು ಬಲು ಕಷ್ಟ. ಅರ್ಜಿ ಕೊಡೋದು ಉಪವಿಭಾಗಾಧಿಕಾರಿ ಕಚೇರಿಗೆ. ನಮ್ಮ ತಾಲ್ಲೂಕಿನವರಿಗೆ ಅದು ಮಧುಗಿರಿ. ಈ ಭಯ ಇರೋ ಯಾರೇ ಸಿಗಲಿ, ಈ ಸಂಗತಿ ಹೇಳು, ಎಷ್ಟೋ ಜನಕ್ಕೆ ಗೊತ್ತಿಲ್ಲ.

ರೂಪದ ಭಯಕ್ಕೆ ಬಿಳಿ ಕೂದಲು ಎಣಿಸೋದು, ಕಣ್ಣ ಕೆಳಗಿನ ಗೆರೆಯನ್ನ ಫೋನಿನಲ್ಲಿ ದೊಡ್ಡದು ಮಾಡಿ ನೋಡೋದು ಬಿಡು. ನೋಡಿದಾಗ ಐದು ನಿಮಿಷ ಸಮಾಧಾನ ಆಗುತ್ತೆ, ಆ ಸಮಾಧಾನದ ರುಚಿಗೇ ಮನಸ್ಸು ಮತ್ತೆ ಕನ್ನಡಿಗೆ ಎಳೆಯುತ್ತೆ. ಬಣ್ಣ ಹಚ್ಚಿಕೊಳ್ಳಬೇಕು ಅನ್ನಿಸಿದರೆ ಹಚ್ಚಿಕೋ, ಅದು ನಿನ್ನಿಷ್ಟ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಬಾಳಿದರು, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನೂರು ದಾಟಿದರು ಅಂತ ಹೇಳಿ ಧೈರ್ಯ ತುಂಬೋರಿದ್ದಾರೆ. ಅವರ ಬಗ್ಗೆ ನನಗೆ ಗೌರವ ಇದೆ, ಆದರೆ ನಿನಗೆ ಆ ಅಳತೆ ಬೇಡ. ನೂರಕ್ಕೆ ಒಬ್ಬರೂ ತಲುಪದ ವಯಸ್ಸನ್ನ ಮುಂದಿಟ್ಟರೆ ಭಯ ಇನ್ನೂ ಬೆಳೆಯುತ್ತೆ. ಅದಕ್ಕಿಂತ ನಿನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವರಾಗಿ, ಮಂಡಿ ನೋವು ಇಟ್ಟುಕೊಂಡೇ ಚೆನ್ನಾಗಿ ಬದುಕ್ತಿರೋ ಇಬ್ಬರು ಹೆಂಗಸರ ಒಡನಾಟ ಬೆಳೆಸು. ವಾರಕ್ಕೊಮ್ಮೆ ಹೋಗಿ ಮಾತಾಡಿಸು.

ಸಾವಿನ ಭಯದ ಮುಂದಿನ ಜಾಗ ನೋಟ್‌ಬುಕ್ಕಿನಲ್ಲಿ ಖಾಲಿಯೇ ಇರುತ್ತೆ. ಇರಲಿ. ಅದು ಬಂದಾಗ ಓಡಿಸೋಕೆ ಹೋಗಬೇಡ. ನಾಲ್ಕು ಎಣಿಸೋವರೆಗೂ ಉಸಿರು ಒಳಗೆ, ಆರು ಎಣಿಸೋವರೆಗೂ ಹೊರಗೆ, ಐದು ನಿಮಿಷ ಹಂಗೇ ಕೂತಿರು.

ಎರಡು ವಾರ ದಾಟಿದರೂ ನಿದ್ದೆ ಸರಿಹೋಗದಿದ್ದರೆ, ಮದುವೆ ಮನೆಗೆ ಹೋಗೋಕೂ ಬೇಡ ಅನ್ನಿಸಿದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಸಹಾಯವಾಣಿ ಅದು, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಕಾಸು ಕೊಡೋ ಹಾಗಿಲ್ಲ. ಯೋಚನೆ ತಿದ್ದೋ ಮಾತಿನ ಚಿಕಿತ್ಸೆಗೆ ಈ ಭಯ ಚೆನ್ನಾಗಿ ಬಗ್ಗುತ್ತೆ.

ಮುಂದಿನ ಸಲ ಬರುವಾಗ ರಕ್ತ ಪರೀಕ್ಷೆಯ ರಿಪೋರ್ಟ್, ವಿಮೆ ಪಾಲಿಸಿಯ ಕಾಗದ ತಗೊಂಡು ಬಾ, ಕೂತು ಓದೋಣ. ಕುರ್ಚಿಯಲ್ಲಿ ಎಷ್ಟು ಸಲ ಆಯ್ತು ಅಂತ ಮಾತ್ರ ಇವತ್ತೇ ಫೋನ್ ಮಾಡಿ ಹೇಳು.

ಅಮ್ಮ