ಟೀಮಿಗೆ ಸೇರಿದೆ, ಒಂದಿಷ್ಟು ಥ್ಯಾಂಕ್ಸ್ ಹೇಳುವುದಿದೆ

ಕಳೆದ ವಾರ ನಮ್ಮ ಯೂನಿವರ್ಸಿಟಿ ಮಹಿಳಾ ಬಾಸ್ಕೆಟ್‌ಬಾಲ್ ಟೀಮಿನ ಪಟ್ಟಿ ಬಂತು. 12 ಹೆಸರಲ್ಲಿ ನನ್ನದೂ ಒಂದು. ಅವತ್ತಿನಿಂದ ಫೋನು ಸುಮ್ಮನಾಗಿಲ್ಲ. ನಂಜನಗೂಡಿನ ನಮ್ಮ ಬೀದಿಯವರು, ಹೈಸ್ಕೂಲಿನ ಟೀಚರ್‌ಗಳು, ಮದುವೆ ಮನೆಯಲ್ಲಿ ಬಿಟ್ಟರೆ ಎಲ್ಲೂ ಮಾತಾಡಿಸದ ಚಿಕ್ಕಪ್ಪ ಒಬ್ಬರು, ಎಲ್ಲರೂ ಮೆಸೇಜ್ ಮಾಡಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಕೊಡುತ್ತಾ ಕೂತರೆ ಅಷ್ಟರಲ್ಲಿ ಕ್ಯಾಂಪ್ ಶುರುವಾಗಿಬಿಡುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

"ಕಷ್ಟಪಟ್ಟಿದ್ದಕ್ಕೆ ಫಲ ಸಿಕ್ಕಿತು" ಅಂತ ತುಂಬಾ ಜನ ಬರೆದಿದ್ದೀರಿ. ಖುಷಿಯಾಯಿತು. ಆದರೆ ಕಷ್ಟ ಹೋದ ವರ್ಷವೂ ಪಟ್ಟಿದ್ದೆ. ಜಾಸ್ತಿಯೇ ಪಟ್ಟಿದ್ದೆ. ಈ ವರ್ಷ ಬೇರೆಯಾಗಿದ್ದು ನನ್ನ ರಕ್ತ.

ಹೋದ ಸೀಸನ್ ನನ್ನ ಆಟ ನೋಡಿದವರಿಗೆ ನೆನಪಿರಬಹುದು. ಮೊದಲ ಎರಡು ಕ್ವಾರ್ಟರ್ ಚೆನ್ನಾಗಿ ಓಡುತ್ತಿದ್ದೆ. ಮೂರನೆಯದರಲ್ಲಿ ಕಾಲು ಭಾರ. ನಾಲ್ಕನೆಯದಕ್ಕೆ ಬೆಂಚು. ಪಾಯಿಂಟ್ ಗಾರ್ಡ್, ಅಂದರೆ ಬಾಲ್ ಮುಂದೆ ತಂದು ಆಟ ನಡೆಸುವವಳು, ಕೊನೆಯ ಐದು ನಿಮಿಷ ಕೋರ್ಟಿನಲ್ಲಿ ಇಲ್ಲ ಅಂದರೆ ಅವಳು ಆಡಿದ್ದಕ್ಕೆ ಲೆಕ್ಕವೇ ಇಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದರೂ ಎದೆ ಡವಡವ. ರಾತ್ರಿಯೆಲ್ಲ ಮಲಗಿದ್ದರೂ ಬೆಳಿಗ್ಗೆ ಸುಸ್ತು. ಸ್ಟ್ಯಾಮಿನಾ ಇಲ್ಲ ಅಂದರು ಒಬ್ಬರು. ಆಟದ ಮೇಲೆ ಮನಸ್ಸೇ ಇಲ್ಲ ಅಂದರು ಇನ್ನೊಬ್ಬರು. ಅದಕ್ಕೆ ಮದ್ದು ಅಂತ ಇನ್ನೂ ನಾಲ್ಕು ರೌಂಡು ಓಡಿಸಿದರು.

ಹಾಗಾಗಿ ಮೊದಲ ಥ್ಯಾಂಕ್ಸ್ ನಮ್ಮ ಪಿ.ಇ. (ದೈಹಿಕ ಶಿಕ್ಷಣದ) ಮೇಡಂಗೆ. ಸೀಸನ್ ಮುಗಿದ ಮೇಲೆ ಒಂದು ದಿನ ಕರೆದು, ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. "ಏನೇ ಇದು, ಇಷ್ಟು ಬಿಳಿಚಿಕೊಂಡಿದ್ದೀಯ? ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ. ರಿಪೋರ್ಟ್ ತೋರಿಸಿ ಆಮೇಲೆ ಬಾಲ್ ಮುಟ್ಟು" ಅಂದರು. ಹಿಮೋಗ್ಲೋಬಿನ್ (ಎಚ್‌ಬಿ) 8.9 ಬಂತು. ಹೆಂಗಸರಿಗೆ ಕನಿಷ್ಠ 12 ಇರಬೇಕು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು ಮುಟ್ಟಿನ ಬಗ್ಗೆ. ಎಷ್ಟು ದಿನ, ಎಷ್ಟು ಹೋಗುತ್ತದೆ ಅಂತ. ಪಕ್ಕದಲ್ಲಿ ಅಪ್ಪ ಕೂತಿದ್ದರು. ನಾನು ನೆಲ ನೋಡಿದೆ. ಅಪ್ಪನೇ, "ಹೇಳಮ್ಮ, ಡಾಕ್ಟ್ರ ಹತ್ರ ಏನು ಮುಚ್ಚುಮರೆ" ಅಂದರು. ಆಮೇಲೆ ಡಾಕ್ಟರಮ್ಮ ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳಿದರು: ಗಾಳಿಯಲ್ಲಿರುವ ಆಮ್ಲಜನಕ ಹೊತ್ತು ಕಾಲಿನ ತನಕ ಮುಟ್ಟಿಸುವ ಗಾಡಿಗಳೇ ನಿಮ್ಮ ಮಗಳ ರಕ್ತದಲ್ಲಿ ಕಮ್ಮಿ ಇವೆ, ಅವಳು ಇನ್ನೆಷ್ಟು ಓಡಿದರೇನು? ಅಪ್ಪ ಗೂಡ್ಸ್ ಟೆಂಪೋ ಓಡಿಸುವವರು. ಅವರಿಗೆ ತಕ್ಷಣ ಅರ್ಥವಾಯಿತು. ನನ್ನ ಜೊತೆ ಓಡಿದವರಿಗೆ, ಓಡಿಸಿದವರಿಗೆ ಇದು ಹೊಳೆದಿರಲಿಲ್ಲ ನೋಡಿ.

ನಾನೊಬ್ಬಳೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಅಂದ ಮೇಲೆ ಯಾವುದೇ ಹುಡುಗಿಯರ ಟೀಮಿನಲ್ಲಿ ನನ್ನಂಥವರು ಇದ್ದೇ ಇರುತ್ತಾರೆ. ಶೂ ಸೈಜು ಬರೆದುಕೊಳ್ಳುತ್ತಾರೆ, ಜೆರ್ಸಿ ನಂಬರ್ ಕೇಳುತ್ತಾರೆ, ಎಚ್‌ಬಿ ಮಾತ್ರ ಯಾರೂ ಕೇಳುವುದಿಲ್ಲ.

ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ. ಆದರೂ ಹೇಳುತ್ತೇನೆ. ಕಬ್ಬಿಣದ ಮಾತ್ರೆ ಹಿಂದೆಮುಂದೆ ಕಾಫಿ, ಟೀ ಕುಡಿದರೆ ಅದು ಮೈಗೆ ಹತ್ತುವುದಿಲ್ಲವಂತೆ. ನಿಂಬೆಹಣ್ಣಿನಂಥದ್ದು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಅಷ್ಟು ಕೇಳಿದ್ದೇ ತಡ, ಬೆಳಿಗ್ಗೆ ನನ್ನ ಲೋಟದಲ್ಲಿ ಕಾಫಿ ಹೋಗಿ ನಿಂಬೆ ಪಾನಕ ಬಂತು. ಒಬ್ಬಳಿಗೇ ಕುಡಿಯಲು ಮನಸ್ಸಾಗದೆ ಅವಳೂ ತನ್ನ ಕಾಫಿಯನ್ನು ನಾನು ಹೊರಟ ಮೇಲಕ್ಕೆ ತಳ್ಳಿದಳು. ಭಾನುವಾರ ಕುರಿ ಲಿವರ್ ಫ್ರೈ, ವಾರದಲ್ಲಿ ಎರಡು ಸಲ ನುಗ್ಗೆಸೊಪ್ಪು. ಮಾತ್ರೆ ತಿಂದರೆ ಹೊಟ್ಟೆ ಕಟ್ಟುತ್ತದೆ ಎಂಬುದನ್ನು ಇಲ್ಲಿ ಬರೆಯಬೇಡ ಅಂತ ಅಕ್ಕ ಹೇಳಿದ್ದಾಳೆ, ಅದಕ್ಕೇ ಬರೆಯುತ್ತಿಲ್ಲ. ಬಾಳೆಹಣ್ಣಿಗೂ ಒಂದು ಥ್ಯಾಂಕ್ಸ್ ಅಂತ ಮಾತ್ರ ಹೇಳುತ್ತೇನೆ. ನಂಜನಗೂಡಿನವಳು ಅಂದ ಮೇಲೆ ರಸಬಾಳೆ ಅಂತ ಬರೆದಿದ್ದರೆ ಚೆನ್ನಾಗಿರುತ್ತಿತ್ತು, ಆದರೆ ಅದು ಈಗ ನಮ್ಮೂರಲ್ಲೇ ಸಿಗುವುದು ಕಷ್ಟ. ತಿಂದದ್ದು ಪಚ್ಚಬಾಳೆ.

ಮಾತ್ರೆ ತಿಂದ ಮಾರನೇ ದಿನ ರಕ್ತ ಏರುವುದಿಲ್ಲ. ವಾರಗಟ್ಟಲೆ ಬೇಕು. ಏರಿದ ಮೇಲೂ ಕೆಲವು ತಿಂಗಳು ಬಿಡುವ ಹಾಗಿಲ್ಲ. ಅಲ್ಲಿಯ ತನಕ ಓಟ ಬಂದ್. ಕೋಚ್ ಸರ್‌ಗೆ ರಿಪೋರ್ಟ್ ತೋರಿಸಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಓಡಬೇಡ. ನಿಂತು ಹಾಕು" ಅಂದರು. ಅಷ್ಟೇ. ಈ ಬೇಸಿಗೆಯಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಮಾತು ಅದು.

ನಿಂತು ಹಾಕುವುದು ಅಂದರೆ ರಿಂಗಿನಿಂದ ಒಂದೇ ಹೆಜ್ಜೆ ದೂರ ನಿಂತು, ಎಡಗೈ ಆಸರೆ ಕೊಟ್ಟು ಬಲಗೈ ಒಂದರಿಂದಲೇ, ಬೋರ್ಡಿಗೆ ತಾಗದ ಹಾಗೆ ಬಾಲ್ ಹಾಕುವುದು. ಐದನೇ ಕ್ಲಾಸಿನ ಮಕ್ಕಳಿಗೆ ಕಲಿಸುವ ಪಾಠ. ನೋಡುವವರಿಗೆ ನಗು, ಹಾಕುವವರಿಗೆ ಬೋರು. ಇದರ ನಡುವೆ ರಿಂಗಿನ ಕೆಳಗೆ ನಿಂತು ಬಾಲ್ ಹಿಡಿದು ವಾಪಸ್ ಕೊಡುವವರ ಪಾಡು ಇನ್ನೂ ಬೋರು. ಆ ಕೆಲಸ ಮಾಡಿದ್ದು ನಮ್ಮ ಸೀನಿಯರ್ ಅಕ್ಕ. ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು. ಅವರು ಡಿಗ್ರಿ ಮುಗಿಸಿ ಟೀಮ್ ಬಿಟ್ಟದ್ದಕ್ಕೇ ಗಾರ್ಡ್ ಜಾಗ ಖಾಲಿಯಾಗಿದ್ದು. ಸಂಜೆ ಲೈಬ್ರರಿಯಿಂದ ನೇರ ಕೋರ್ಟಿಗೆ ಬರುತ್ತಿದ್ದರು, ಬ್ಯಾಗನ್ನು ಕಂಬಕ್ಕೆ ಒರಗಿಸಿ ನಿಲ್ಲುತ್ತಿದ್ದರು. ಜಾಸ್ತಿ ಮಾತಿಲ್ಲ. "ಶಾರ್ಟ್" ಅಂದರೆ ಮೊಣಕಾಲು ಬಗ್ಗಿಸಿಲ್ಲ ಅಂತ ಅರ್ಥ. "ತಿರುಗಿತು" ಅಂದರೆ ಎಡಗೈ ತಂಟೆ ಮಾಡಿದೆ ಅಂತ.

ಆ ಎಡಗೈ ವಿಷಯ ಕಂಡುಹಿಡಿದದ್ದೂ ಅವರೇ. ಬಾಲ್ ಬಿಡುವಾಗ ನನ್ನ ಎಡ ಹೆಬ್ಬೆರಳು ಗೊತ್ತಾಗದ ಹಾಗೆ ಒಂದು ಚೂರು ತಳ್ಳುತ್ತಿತ್ತು. ಅಷ್ಟಕ್ಕೇ ಬಾಲ್ ಅಡ್ಡಡ್ಡ ತಿರುಗಿ ರಿಂಗಿನ ಪಕ್ಕಕ್ಕೆ ಬಡಿಯುತ್ತಿತ್ತು. ಅಕ್ಕ ಮೆಡಿಕಲ್ ಸ್ಟೋರಿನಿಂದ ಟೇಪ್ ತಂದು ಹೆಬ್ಬೆರಳನ್ನು ತೋರುಬೆರಳಿಗೆ ಸೇರಿಸಿ ಸುತ್ತಿದರು. ಎಡಗೈ ಬರೀ ಆಸರೆಗೆ, ಎಸೆಯುವುದಕ್ಕಲ್ಲ. ಟೇಪ್ ಬಿಚ್ಚಿದ ಮೇಲೂ ಬೆರಳು ತನ್ನ ಜಾಗದಲ್ಲೇ ನಿಲ್ಲುವುದಕ್ಕೆ ತುಂಬಾ ದಿನ ಹಿಡಿಯಿತು.

ಎಚ್‌ಬಿ ಏರಿದ ಹಾಗೆ ನಾನು ಹಿಂದೆ ಸರಿಯುತ್ತಾ ಹೋದೆ. ರಿಂಗಿನ ಕೆಳಗಿಂದ ಫ್ರೀ ಥ್ರೋ ಗೆರೆಗೆ (ಫೌಲ್ ಆದಾಗ ಅಡ್ಡಿಯಿಲ್ಲದೆ ಬಾಲ್ ಹಾಕುವ ಜಾಗ, ಬೋರ್ಡಿನಿಂದ 4.6 ಮೀಟರ್), ಅಲ್ಲಿಂದ ಕೊನೆಗೆ 6.75 ಮೀಟರಿನ ಮೂರು ಪಾಯಿಂಟ್ ಗೆರೆಗೆ. ರಕ್ತ ಸರಿ ಇದ್ದಿದ್ದರೆ ಬೇಸಿಗೆಯೆಲ್ಲ ಓಡುತ್ತಲೇ ಇರುತ್ತಿದ್ದೆ, ಈ ಶಾಟ್ ನನಗೆ ಬರುತ್ತಲೇ ಇರಲಿಲ್ಲ ಅನ್ನಿಸುತ್ತದೆ.

ಹುಡುಗರ ಟೀಮಿಗೂ ಥ್ಯಾಂಕ್ಸ್. ಓಟ ಶುರುವಾದ ಮೇಲೆ ನನ್ನ ಬಲಗಡೆ ದಾರಿ ಪೂರ್ತಿ ಮುಚ್ಚಿ, ಎಡಗೈಯಲ್ಲೇ ಡ್ರಿಬಲ್ ಮಾಡುವ ಹಾಗೆ ಮಾಡಿದಿರಿ. ಬಾಲ್ ಸಿಕ್ಕ ಎಂಟು ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಿಸಬೇಕು. ಎದುರಾಳಿ ಪ್ರೆಸ್ ಹಾಕಿದರೆ, ಅಂದರೆ ನಮ್ಮ ಅರ್ಧದಲ್ಲೇ ಬಂದು ಅಡ್ಡಗಟ್ಟಿದರೆ, ನನಗೆ ಬಲಗಡೆ ಬಿಟ್ಟು ಬೇರೆ ದಾರಿ ಗೊತ್ತಿಲ್ಲ ಅಂತ ಹೋದ ವರ್ಷ ಎಲ್ಲ ಕಾಲೇಜಿಗೂ ಗೊತ್ತಿತ್ತು. ಈಗ ಗೊತ್ತಿರುವುದು ಹಳೇ ಸುದ್ದಿ. ಮಳೆ ನಿಂತ ತಕ್ಷಣ ಕೋರ್ಟಿನ ನೀರು ಬಳಿದು ಗೋಣಿಚೀಲ ಹಾಸಿದ, ಲೈಟ್ ಆರಿಸುವ ಹೊತ್ತನ್ನು ಮರೆತ ಹಾಗೆ ನಟಿಸಿದ ವಾಚ್‌ಮನ್ ಅಂಕಲ್‌ಗೆ, ನೋಟ್ಸ್ ಕೊಟ್ಟ ಕ್ಲಾಸ್‌ಮೇಟ್‌ಗಳಿಗೆ ಕೂಡ.

ಇನ್ನು ನಿಮ್ಮ ನಿರೀಕ್ಷೆಗಳ ವಿಷಯ. ಚಿಕ್ಕಪ್ಪ ನೇರವಾಗಿ ಕೇಳಿದರು: "ಇಂಡಿಯಾ ಟೀಮ್ ಯಾವಾಗ? ಅಮೆರಿಕಾಗೆ ಯಾವಾಗ?" ಅವರ ತಪ್ಪಲ್ಲ. ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಾದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಆಡಲು ಹೋದದ್ದನ್ನು ಅವರು ಪೇಪರಿನಲ್ಲಿ ಓದಿದ್ದಾರೆ. 2017ರಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಹುಡುಗಿಯರು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಎರಡನೇ ಹಂತವಾದ ಬಿ ಡಿವಿಷನ್ ಗೆದ್ದದ್ದೂ ಅವರಿಗೆ ನೆನಪಿದೆ. ಆದರೆ ಚಿಕ್ಕಪ್ಪ, ನಾನು ಐದಡಿ ಎರಡಿಂಚು. ಯೂನಿವರ್ಸಿಟಿ ಟೀಮಿನಲ್ಲೇ ನನಗಿಂತ ಮುಂದೆ ಇಬ್ಬರು ಗಾರ್ಡ್‌ಗಳಿದ್ದಾರೆ.

ಎತ್ತರದ ಬಗ್ಗೆ ಕೊರಗು ಬಂದಾಗ ಸೀನಿಯರ್ ಅಕ್ಕ ಜಪಾನಿನ ಪಾಯಿಂಟ್ ಗಾರ್ಡ್ ರೂಯಿ ಮಚಿಡಾ ಆಡಿದ ವಿಡಿಯೋ ತೋರಿಸುತ್ತಾರೆ. 162 ಸೆಂಟಿಮೀಟರ್, ಅಂದರೆ ನನಗಿಂತ ಒಂದೆರಡು ಇಂಚು ಜಾಸ್ತಿ ಅಷ್ಟೇ. ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 18 ಅಸಿಸ್ಟ್, ಅಂದರೆ ಜೊತೆಯವರು ಹಾಕಿದ 18 ಬಾಲ್‌ಗಳಿಗೆ ಪಾಸ್ ಕೊಟ್ಟದ್ದು ಅವಳೇ. ಅವಳು ಬಾಲ್ ಹಾಕುವುದಕ್ಕಿಂತ ಅದನ್ನು ಯಾರಿಗೆ, ಯಾವಾಗ ಬಿಡುತ್ತಾಳೆ ಅಂತ ನೋಡು ಅನ್ನುತ್ತಾರೆ ಅಕ್ಕ. ನೋಡುತ್ತಿದ್ದೇನೆ. ಅರ್ಧ ಕೂಡ ಬಂದಿಲ್ಲ.

ಹಾಗಾಗಿ ಈ ಸೀಸನ್ ನನ್ನಿಂದ ಏನು ಬಯಸಬಹುದು ಅಂತ ನಾನೇ ಹೇಳಿಬಿಡುತ್ತೇನೆ. ಪ್ರೆಸ್ ಹಾಕಿದರೂ ಬಾಲ್ ದಾಟಿಸುತ್ತೇನೆ. ಫ್ರೀ ಥ್ರೋ ಸಿಕ್ಕರೆ ಸುಮ್ಮನೆ ಹಾಳು ಮಾಡುವುದಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಇಳಿಸಿದರೆ ಕಾಲು ಇರುತ್ತದೆ. ಎಷ್ಟು ಪಾಯಿಂಟ್ ಅಂತ ಮಾತ್ರ ಕೇಳಬೇಡಿ. ಯೂನಿವರ್ಸಿಟಿಗಳ ದಕ್ಷಿಣ ವಲಯ ಪಂದ್ಯಗಳಲ್ಲಿ ಚೆನ್ನೈ, ಕೇರಳದ ಟೀಮುಗಳು ಗಟ್ಟಿ, ಅವರ ಎದುರು ನಾನು ಬೆಂಚಿನಲ್ಲೇ ಜಾಸ್ತಿ ಕೂತಿರಬಹುದು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ, ನಾನಂತೂ ಮಾಡಿಕೊಳ್ಳುವುದಿಲ್ಲ. ಸುಳ್ಳು, ಸ್ವಲ್ಪ ಮಾಡಿಕೊಳ್ಳುತ್ತೇನೆ.

ಪಿ.ಇ. ಮೇಡಂ ಈ ತಿಂಗಳು ಕಾಲೇಜಿನ ಎಲ್ಲ ಹುಡುಗಿಯರ ಟೀಮುಗಳಿಗೂ, ಕಬಡ್ಡಿ, ಖೋಖೋ, ವಾಲಿಬಾಲ್ ಸೇರಿಸಿ, ರಕ್ತ ಪರೀಕ್ಷೆ ಮಾಡಿಸುತ್ತಿದ್ದಾರೆ. ಜೂನಿಯರ್‌ಗಳೇ, ಸೂಜಿಗೆ ಹೆದರಿ ಹಾಸ್ಟೆಲಿನಲ್ಲಿ ಅಡಗಿ ಕೂರಬೇಡಿ. ಹೆಸರು ಬರೆದುಕೊಳ್ಳುತ್ತಿರುವುದು ನಾನೇ, ರೂಮಿಗೇ ಬರುತ್ತೇನೆ.

ಕೊನೆಯದಾಗಿ ಅಪ್ಪ, ಚೀಟಿ ದುಡ್ಡು ಎತ್ತಿ ಶೂ ಕೊಡಿಸಿದಿರಿ. ಥ್ಯಾಂಕ್ಸ್. ಸಿಮೆಂಟ್ ಕೋರ್ಟಿನಲ್ಲಿ ಆಡಿ ಆಡಿ ಅದರ ಅಡಿ ಆಗಲೇ ನುಣ್ಣಗಾಗಿದೆ. ಮುಂದಿನ ಚೀಟಿ ಯಾವಾಗ ಅಂತ ಮನೆಗೆ ಬಂದಾಗ ಮಾತಾಡೋಣ.