ಮ್ಯಾನೇಜರ್ ಕಷ್ಟಾನೂ ಸ್ವಲ್ಪ ಕೇಳಿ

ಮಾನ್ಯರೇ,

ನಮ್ಮನೆಯವರು ಬೆಂಗಳೂರಲ್ಲೇ ಒಂದು ಸರ್ಕಾರಿ ಬ್ಯಾಂಕಲ್ಲಿ ಬ್ರಾಂಚ್ ಮ್ಯಾನೇಜರ್. ಏಸಿ ಕ್ಯಾಬಿನ್ನು, ಕೈತುಂಬ ಸಂಬಳ ಅಂತ ನೆಂಟರೆಲ್ಲ ಅಂದ್ಕೊಂಡಿದಾರೆ, ಆದ್ರೆ ಬೆಳಗ್ಗೆ ಕಟ್ಟಿಕೊಟ್ಟ ಚಿತ್ರಾನ್ನ ಎಷ್ಟೋ ದಿನ ರಾತ್ರಿ ಒಂಬತ್ತಕ್ಕೆ ಡಬ್ಬಿ ಸಮೇತ ಹಾಗೇ ವಾಪಸ್ ಬರುತ್ತೆ, ಒಬ್ಬ ಕ್ಲರ್ಕ್ ರಜೆ ಹಾಕಿದ್ರೂ ಇವರೇ ಕೌಂಟರಲ್ಲಿ ಕೂರ್ಬೇಕು, ಅದರ ಮಧ್ಯೆ ಇವತ್ತು ಎಷ್ಟು ಇನ್ಶೂರೆನ್ಸ್ ಮಾಡಿಸಿದ್ರಿ ಅಂತ ಮೇಲಿನ ಆಫೀಸಿಂದ ವಾಟ್ಸಾಪ್ ಬೇರೆ. ಆಫೀಸರ್ ಅಂತ ಓವರ್‌ಟೈಮೂ ಇಲ್ಲ.

2015ರ ಸೆಪ್ಟೆಂಬರಿಂದ ಎರಡನೇ, ನಾಲ್ಕನೇ ಶನಿವಾರ ರಜೆ ಕೊಟ್ರು, ಸರಿ. ಆವತ್ತೂ ಸಾಲ ವಸೂಲಿ, ವಿಡಿಯೋ ಮೀಟಿಂಗು ಅಂತ ಹೊರಟ್ರೆ ಅದೆಂಥ ರಜೆ? ವಾರಕ್ಕೆ ಐದೇ ದಿನ ಕೆಲಸ ಅಂತ 2024ರ ಮಾರ್ಚಲ್ಲೇ ಬ್ಯಾಂಕುಗಳ ಸಂಘ, ಯೂನಿಯನ್ನೋರು ಒಪ್ಕೊಂಡು ಸರ್ಕಾರದ ಒಪ್ಪಿಗೆಗೆ ಬಿಟ್ರು. ನನ್ನ ಕೇಳಿದ್ರೆ ಅದಕ್ಕೂ ಮೊದ್ಲು ಖಾಲಿ ಪೋಸ್ಟ್ ತುಂಬ್ಲಿ, ರಾತ್ರಿ ಎಂಟರ ಮೇಲೆ ಟಾರ್ಗೆಟ್ ಮೆಸೇಜ್ ಹಾಕೋದು ನಿಲ್ಸಿ, ಟ್ರಾನ್ಸ್‌ಫರ್ ಆರ್ಡರನ್ನಾದ್ರೂ ಮಕ್ಕಳ ಪರೀಕ್ಷೆ ಮುಗಿದ್ಮೇಲೆ ಕೊಡ್ಲಿ. ನಮ್ಮ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ.

– ಒಬ್ಬ ಗೃಹಿಣಿ, ರಾಜಾಜಿನಗರ, ಬೆಂಗಳೂರು